ತಲೆ ಎಣಿಸಿದ್ದರೆ ಸಾಕಿತ್ತು

ರಾಷ್ಟ್ರಪತಿಯ ಅಧಿಕಾರಕ್ಕೆ ಇರುವ ಮಿತಿಗಳೇನು? ಪರೀಕ್ಷೆಗೆ ಹೇಳಿ ಮಾಡಿಸಿದ ಪ್ರಶ್ನೆ. ಮಕ್ಕಳು 356ನೇ ವಿಧಿ, ಎರಡು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ, ನ್ಯಾಯಾಂಗದ ವಿಮರ್ಶೆ ಎಂದು ಉರು ಹೊಡೆದು ಬರೆಯುತ್ತಾರೆ. ಅಂಕ ಕೊಡುತ್ತೇವೆ. ಆ ಮಿತಿಗೆ ಹೆಸರಾದವರು ಹುಬ್ಬಳ್ಳಿ ಗ್ರಾಮಾಂತರದ ಒಬ್ಬ ಶಾಸಕರು ಎಂದು ಹೇಳುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ.

ಒಮ್ಮೆ ಪಠ್ಯ ಬದಿಗಿಟ್ಟು ಕಥೆಯನ್ನೇ ಹೇಳಿದೆ. 1989ರ ಏಪ್ರಿಲ್. ಆ ಶಾಸಕರು, ಎಸ್.ಆರ್. ಬೊಮ್ಮಾಯಿ, ಆಗ ಕರ್ನಾಟಕದ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಮಂದಿ ಕೂಡಲೇ ತಿರುಗಿಬಿದ್ದು, ತಮ್ಮ ಸಹಿಯನ್ನು ದಾರಿತಪ್ಪಿಸಿ ಪಡೆಯಲಾಗಿದೆ ಎಂದರು. ಅಧಿವೇಶನ ಬೇಗ ಕರೆದು ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು 356ನೇ ವಿಧಿಯ ಘೋಷಣೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು, ಸರ್ಕಾರ ಹೋಯಿತು.

“ಸದನದಲ್ಲಿ ತಲೆ ಎಣಿಸಿದ್ರೆ ಆಗ್ತಿತ್ತಲ್ಲ ಸಾರ್?” ಹಿಂದಿನ ಬೆಂಚಿನ ಹುಡುಗಿ ಕೇಳಿಬಿಟ್ಟಳು.

ಈ ಮಾತನ್ನು ಹೇಳಲು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂರಬೇಕಾಯಿತು, ಸುಮಾರು ಐದು ವರ್ಷ ಹಿಡಿಯಿತು. 1994ರ ಮಾರ್ಚ್ 11ರ ತೀರ್ಪು: ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತು ಒಪ್ಪುವವರೆಗೆ ವಿಧಾನಸಭೆ ವಿಸರ್ಜಿಸುವಂತಿಲ್ಲ. (ಅಂಕಿತ ರಾಷ್ಟ್ರಪತಿಯದು, ತೀರ್ಮಾನ ದಿಲ್ಲಿಯ ಮಂತ್ರಿಮಂಡಲದ್ದು, ಮಕ್ಕಳಿಗೆ ಇದನ್ನೂ ಬಿಡಿಸಿ ಹೇಳಬೇಕು. 1997ರಲ್ಲಿ ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡುವ ಶಿಫಾರಸನ್ನು ಕೆ.ಆರ್. ನಾರಾಯಣನ್ ಹಿಂದಿರುಗಿಸಿದ್ದನ್ನೂ.)

“ಹಾಗಾದ್ರೆ ಅವರಿಗೆ ಕುರ್ಚಿ ವಾಪಸ್ ಸಿಕ್ತಾ?”

ಇಲ್ಲಮ್ಮ. ಅಷ್ಟರಲ್ಲಿ ಚುನಾವಣೆ ಮುಗಿದು, ವೀರೇಂದ್ರ ಪಾಟೀಲ, ಬಂಗಾರಪ್ಪ ಬಂದು ಹೋಗಿ, ಮೊಯಿಲಿ ಕೂತಿದ್ದರು. ಕರ್ನಾಟಕದ ವಜಾ ಸಂವಿಧಾನಬಾಹಿರ ಎಂದಿತು ಕೋರ್ಟು, ಅಷ್ಟೇ.

ತರಗತಿ ಪೆಚ್ಚಾಯಿತು. ನನಗೆ ಆ ಮೌನ ಬೇಕಿತ್ತು. ಮಿತಿಗಳು ಸಂವಿಧಾನದೊಳಗೆ ತಮ್ಮಷ್ಟಕ್ಕೆ ಕಾವಲು ಕೂತಿವೆ ಎಂಬ ನಂಬಿಕೆಯನ್ನು ಮಕ್ಕಳಲ್ಲಿ ಬೆಳೆಸಿದವರು ನಾವೇ ಮೇಷ್ಟ್ರುಗಳು. 1989ರಲ್ಲೂ ಪುಸ್ತಕದಲ್ಲಿ ಅದೇ 356ನೇ ವಿಧಿ ಇತ್ತು. ಸರ್ಕಾರದ ವಜಾ ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟು ತಳ್ಳಿಹಾಕಿದಾಗ ಬೊಮ್ಮಾಯಿ ಸುಮ್ಮನಾಗಿದ್ದರೆ ನಮ್ಮ ಉತ್ತರಪತ್ರಿಕೆಯಲ್ಲಿ ಬರೆಯಲು ಏನಿರುತ್ತಿತ್ತು?

2016ರಲ್ಲಿ ಉತ್ತರಾಖಂಡದ ರಾಷ್ಟ್ರಪತಿ ಆಳ್ವಿಕೆಯನ್ನು ಅಲ್ಲಿನ ಹೈಕೋರ್ಟು ರದ್ದುಮಾಡಿದ್ದೂ ಏಪ್ರಿಲ್ 21ರಂದೇ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಕಣ್ಗಾವಲಿನಲ್ಲಿ ಸದನ ಸೇರಿತು, ತಲೆ ಎಣಿಸಿದರು, ಅಧಿಕಾರ ಕಳೆದುಕೊಂಡಿದ್ದ ಹರೀಶ್ ರಾವತ್ ಮತ್ತೆ ಮುಖ್ಯಮಂತ್ರಿಯಾದರು. ಬೊಮ್ಮಾಯಿ ತೀರಿಕೊಂಡು ಆಗಲೇ ಎಂಟು ವರ್ಷ ದಾಟಿತ್ತು.