ಮುಖ ನೋಡಿಟ್ಟುಕೊಂಡವರು

ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಮೊಮ್ಮಗು, ಕೈಯಲ್ಲಿ ತಾಯಿ ಕಾರ್ಡ್. ಅವರ ತೋಳಿನ ಮೇಲೆ ಕಾಸಿನಗಲದ ಎರಡು ಕಲೆ. ಏನೆಂದು ಕೇಳಿದೆ. ‘ದಾಕು ಹಾಕ್ಸಿದ್ರು ಕನಪ್ಪ. ಊರಿಗೆಲ್ಲ ಅಮ್ಮ ಆದಾಗ್ಲೂ ನಂಗೇನೂ ಆಗ್ನಿಲ್ಲ’ ಎಂದರು. ದಾಕು ಎಂದರೆ ಸಿಡುಬಿನ ಲಸಿಕೆ; ನಮ್ಮ ಸೀಮೆಗೆ ಅದು ಹೊಸದಲ್ಲ.

1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಮೈಸೂರಿನ ರಾಜಮನೆತನದ ಹೆಣ್ಣುಮಗಳೊಬ್ಬಳು ಸೀರೆಯಂಚು ಹಿಡಿದು ನಿಂತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ದಾಕು ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಿವರಣೆ.

ದಾಕು ಕಾಯುವ ಬಗೆ ಹೀಗೆ. ಊರಿಗೆ ಕಳ್ಳ ನುಗ್ಗಿದ ರಾತ್ರಿ ಎಲ್ಲರೂ ದೊಣ್ಣೆ ಹಿಡಿದು ಏಳುತ್ತಾರೆ. ನಾಲ್ಕು ದಿನ ಕಳೆದರೆ ಮಲಗುತ್ತಾರೆ. ಕಳ್ಳನ ಮುಖ ಕಂಡ ಇಬ್ಬರು ಮೂವರು ಮಾತ್ರ ಮರೆಯುವುದಿಲ್ಲ. ದೇಹದ ರೀತಿಯೂ ಇದೇ. ರೋಗಾಣುವಿನ ಮೇಲೆ ಮುಗಿಬಿದ್ದ ಬಿಳಿ ರಕ್ತಕಣಗಳಲ್ಲಿ ಬಹುಪಾಲು ಕೆಲಸ ಮುಗಿದ ಮೇಲೆ ಸಾಯುತ್ತವೆ. ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಮೊದಲ ಸಲ ಸಜ್ಜಾಗಲು ವಾರ, ಹತ್ತು ದಿನ ಹಿಡಿದರೆ ಎರಡನೆಯ ಸಲ ಅಷ್ಟು ಹೊತ್ತು ಬೇಕಿಲ್ಲ. ದಾಕಿನಲ್ಲಿದ್ದದ್ದು ಸಿಡುಬಿನ ವೈರಸ್ಸೂ ಅಲ್ಲ, ಅದರ ಸಾಧು ದಾಯಾದಿ. ದಾಯಾದಿಯ ಮುಖ ಕಂಡಿದ್ದೇ ಸಾಕಾಯಿತು. ಆ ನೆನಪು ಐವತ್ತು ವರ್ಷದ ಹಿಂದೆ ದಾಕು ಹಾಕಿಸಿಕೊಂಡವರ ರಕ್ತದಲ್ಲೂ ಸಿಕ್ಕಿದೆ.

ಎಲ್ಲ ನೆನಪೂ ಇಷ್ಟು ಗಟ್ಟಿಯಲ್ಲ. ಧನುರ್ವಾಯುವಿನ ಲಸಿಕೆಯನ್ನು ಆಗಾಗ ಮತ್ತೆ ಹಾಕಿಸಬೇಕು. ದಡಾರದ ಕತೆಯೇ ಬೇರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ‘ತಾನಾಗೇ ಇಳೀತದೆ’ ಎಂದು ಸುಮ್ಮನಿರುವವರುಂಟು. ಮೈಮೇಲಿನ ಗಂದೆ ಇಳಿಯುತ್ತದೆ, ನಿಜ. ಆದರೆ ಆ ವೈರಸ್ಸು ನೆನಪಿನ ಕೋಶಗಳಿಗೇ ಕೈಹಾಕುತ್ತದೆ. ಮುಖ ಕಂಡವರನ್ನೇ ಮುಗಿಸಿ ಹೋಗುವ ಕಳ್ಳ ಅದು. ಲಸಿಕೆಯಿಲ್ಲದೆ ದಡಾರ ಬಂದ ಮಕ್ಕಳು ಬೇರೆ ಬೇರೆ ರೋಗಗಳ ವಿರುದ್ಧ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟನ್ನು ಕಳೆದುಕೊಂಡಿದ್ದರೆಂದು 2019ರ ಸಂಶೋಧನೆಯೊಂದು ತೋರಿಸಿತು. ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರು ತಿಂಗಳ ಮೇಲೆ ಇನ್ನೊಮ್ಮೆ ಹಾಕುವ ದಡಾರ-ರುಬೆಲ್ಲಾ ಸೂಜಿ, ಮಗು ಅಲ್ಲಿಯವರೆಗೆ ಕೂಡಿಟ್ಟ ನೆನಪನ್ನೆಲ್ಲ ಕಾಯುತ್ತದೆ.

‘ಒಂಬತ್ತು ತಿಂಗಳ ಸೂಜಿ ಇವತ್ತು’ ಎನ್ನುತ್ತ ಅಜ್ಜಿ ಎದ್ದರು. ಮೊಮ್ಮಗು ಅವರ ತೋಳಿನ ಕಲೆಯ ಮೇಲೆ ಬೆರಳಿಟ್ಟು ಆಡುತ್ತಿತ್ತು.