ಮುಖವೂ ಮಾತೂ

ಭಾಷೆಯು ಮನುಷ್ಯನಿಗೆ ರಕ್ತದಿಂದ ಬರುವುದೋ, ಅಭ್ಯಾಸದಿಂದ ಬರುವುದೋ? ಅಭ್ಯಾಸದಿಂದಲೇ ಎಂದು ವಿಚಾರವಂತರೆಲ್ಲರೂ ಹೇಳುವರು. ಆದರೆ ವ್ಯವಹಾರದಲ್ಲಿ ಲೋಕವು ಮಾತನ್ನು ಕೇಳುವುದಕ್ಕೆ ಮೊದಲೇ ಮುಖವನ್ನು ನೋಡಿ ತೀರ್ಪು ಕೊಡುವುದುಂಟು. ಕೊರಿಯಾ ದೇಶದ ಭಾಷೆಯನ್ನು ಕಲಿಯುವವರ ಸ್ಥಿತಿಯು ಇದಕ್ಕೆ ತಕ್ಕ ದೃಷ್ಟಾಂತವಾಗಿದೆ.

ಅನ್ಯ ಜನಾಂಗದವನೊಬ್ಬನು ಆ ಭಾಷೆಯಲ್ಲಿ ನಾಲ್ಕು ಮಾತುಗಳನ್ನಾಡಿದರೆ ಕೇಳಿದವರು ಬೆರಗಾಗಿ ಹೊಗಳುತ್ತಾರೆ. ಅವನು ಹತ್ತು ವರ್ಷ ಅಲ್ಲಿಯೇ ಬಾಳಿದರೂ ಆ ಹೊಗಳಿಕೆಯು ನಿಲ್ಲದು. ಎಂದರೆ ಅವನು ಎಂದೆಂದಿಗೂ ಅತಿಥಿಯೇ. ಕೊರಿಯಾ ವಂಶದಲ್ಲಿ ಹುಟ್ಟಿ ಪರದೇಶದಲ್ಲಿ ಬೆಳೆದವನಿಗಾದರೋ ಅದೇ ನಾಲ್ಕು ಮಾತುಗಳಿಗೆ ದೊರೆಯುವುದು ನಿಂದೆ: “ನಿನ್ನ ಭಾಷೆಯೇ ನಿನಗೆ ಬಾರದೆ?” ೧೯೩೭ರಲ್ಲಿ ಸೋವಿಯೆಟ್ ಸರ್ಕಾರವು ಸುಮಾರು ೧,೭೦,೦೦೦ ಕೊರಿಯನ್ನರನ್ನು ಬಲಾತ್ಕಾರದಿಂದ ಮಧ್ಯ ಏಷ್ಯಕ್ಕೆ ಸಾಗಿಸಿತು. ೧೯೫೩ರಲ್ಲಿ ಯುದ್ಧವು ನಿಂತ ತರುವಾಯದ ದಶಕಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ದತ್ತುವಾಗಿ ಅಮೇರಿಕ, ಯೂರೋಪುಗಳಿಗೆ ಹೋದರು. ಇವರೂ ಇವರ ಸಂತತಿಯೂ ತಾಯ್ನುಡಿಯನ್ನು ಅರಿಯದಿದ್ದರೆ ಅದು ಯಾರ ಅಪರಾಧ? ಹೊಗಳಿಕೆಯೂ ನಿಂದೆಯೂ ಒಂದೇ ಭ್ರಾಂತಿಯ ಎರಡು ಮುಖಗಳು.

ಈ ಭ್ರಾಂತಿಗೆ ದುಃಖದ ಕಾರಣವೂ ಉಂಟು. ಆ ದೇಶವು ೧೯೧೦ರಿಂದ ೧೯೪೫ರವರೆಗೆ ಜಪಾನಿಗೆ ಅಧೀನವಾಗಿದ್ದಿತು. ೧೯೩೮ರ ತರುವಾಯ ಶಾಲೆಗಳಲ್ಲಿ ದೇಶಭಾಷೆಯು ಮರೆಯಾಯಿತು. ೧೯೪೦ರಲ್ಲಿ ಜಪಾನೀ ಹೆಸರುಗಳನ್ನು ಧರಿಸುವಂತೆ ಜನರನ್ನು ಒತ್ತಾಯಪಡಿಸಿದರು. ೧೯೪೨ರಲ್ಲಿ ನಿಘಂಟನ್ನು ರಚಿಸುತ್ತಿದ್ದ ವಿದ್ವಾಂಸರನ್ನು ಸೆರೆಹಿಡಿದರು. ಅವರಲ್ಲಿ ಇಬ್ಬರು ಸೆರೆಯಲ್ಲಿಯೇ ಮಡಿದರು. ಹೀಗೆ ಕಸಿಯಲ್ಪಟ್ಟುದನ್ನು ಮರಳಿ ಪಡೆದವರು “ನಮ್ಮ ಮಾತು” ಎಂದು ಎದೆಗೊತ್ತಿಕೊಂಡರೆ ಆಕ್ಷೇಪಿಸತಕ್ಕುದೇನು? ಆದರೆ ಕಳೆದುಹೋದೀತೆಂಬ ಭಯದಿಂದ ಕಾಯುವುದು ಬೇರೆ, ಕಲಿಯಬಂದವನಿಗೆ ಬಾಗಿಲಿಕ್ಕುವುದು ಬೇರೆ. ರಕ್ತಶುದ್ಧಿಯ ಭಾವನೆಯನ್ನು ಬಿಡಬೇಕೆಂದು ೨೦೦೭ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ದಕ್ಷಿಣ ಕೊರಿಯಾಕ್ಕೆ ಸೂಚಿಸಿತು.

ಆ ಭಾಷೆಯ ಲಿಪಿಯ ಇತಿಹಾಸವೇ ಈ ಸಂಕೋಚಕ್ಕೆ ವಿರುದ್ಧವಾಗಿದೆ. ಸೇಜೋಂಗ್ ದೊರೆಯು ೧೪೪೩ರಲ್ಲಿ ಅದನ್ನು ನಿರ್ಮಿಸಿ ೧೪೪೬ರಲ್ಲಿ ಪ್ರಕಟಿಸಿದುದು, ಚೀನೀ ಅಕ್ಷರಗಳನ್ನರಿಯದ ಸಾಮಾನ್ಯರೂ ತಮ್ಮ ಮನಸ್ಸನ್ನು ತಿಳಿಸಲೆಂದು. ೧೮೮೬ರಲ್ಲಿ ಬೋಧಕನಾಗಿ ಬಂದ ಹೋಮರ್ ಹಲ್ಬರ್ಟನೆಂಬ ಅಮೇರಿಕನು ಅದೇ ಲಿಪಿಯಲ್ಲಿ ಭೂಗೋಳಪುಸ್ತಕವನ್ನು ಬರೆದನು. ಅವನ ಸಮಾಧಿಯು ಸೋಲ್ ನಗರದಲ್ಲಿಯೇ ಇದೆ.

ಮತ್ತೊಂದು ವಿಚಾರವುಂಟು. ಆ ಭಾಷೆಯಲ್ಲಿ ಕೇಳುವವನು ಹಿರಿಯನೋ, ಕಿರಿಯನೋ, ಆಪ್ತನೋ, ಅಪರಿಚಿತನೋ ಎಂದು ನಿಶ್ಚಯಿಸದೆ ಕ್ರಿಯಾಪದವನ್ನು ಮುಗಿಸಲಾಗದು. ಆದುದರಿಂದ ಅದನ್ನು ಕಲಿಯುವುದೆಂದರೆ ಆ ಜನರ ನಡುವೆ ಒಂದು ಸ್ಥಾನವನ್ನು ಪಡೆಯುವುದೇ ಸರಿ. ಪ್ರತ್ಯಯಗಳನ್ನೆಲ್ಲ ಕಲಿಸಿ ಸ್ಥಾನವನ್ನು ಮಾತ್ರ ಕೊಡದಿದ್ದರೆ ಆ ವಿದ್ಯೆಯು ಅರ್ಧದಾನವಾಗುವುದು. ಪರಕೀಯನ ತಪ್ಪನ್ನು ಹೊಗಳಿಕೆಯಿಂದ ಮುಚ್ಚದೆ ಮನೆಯವನ ತಪ್ಪನ್ನೆಂಬಂತೆ ತಿದ್ದುವುದೂ, ಸ್ವಕುಲದವನ ಅಜ್ಞಾನವನ್ನು ಹಳಿಯದೆ ಮೊದಲಕ್ಷರದಿಂದ ಕಲಿಸುವುದೂ ಉಪಾಧ್ಯಾಯನ ಧರ್ಮವು. ವಿದ್ಯೆಗೆ ಅಧಿಕಾರವನ್ನು ಕೊಡುವುದು ಶ್ರದ್ಧೆಯೇ ಹೊರತು ಮುಖಲಕ್ಷಣವಲ್ಲ.