ಕಾಣದ್ದರ ಲೆಕ್ಕ

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸುಮಾರು 42 ಅಡಿ ಎತ್ತರದ ಒಂದೇ ಕಲ್ಲಿನ ದೀಪಸ್ತಂಭವಿದೆ. ನೆಲದೊಳಗೆ ಹೂತಿಲ್ಲ, ಜಗಲಿಯ ಮೇಲೆ ಸುಮ್ಮನೆ ನಿಂತಿದೆ. ಅರಸೀಕೆರೆಯಿಂದ ಪ್ರವಾಸಕ್ಕೆ ಕರೆದೊಯ್ದ ಮಕ್ಕಳು ಅದನ್ನು ಯಾವುದೋ ಶಕ್ತಿ ಹಿಡಿದಿದೆ ಎನ್ನುತ್ತಾರೆ. ಅದರ ಭಾರವೇ ಅದನ್ನು ನಿಲ್ಲಿಸಿದೆಯೆಂದರೆ ಅವರಿಗೆ ಸಪ್ಪೆ. ಇಲ್ಲೇನೋ ಕಾಣದ್ದನ್ನು ಕರೆಯಬೇಕಾಗಿಲ್ಲ. ಕರೆಯಲೇಬೇಕಾದ ಸಂದರ್ಭ ಬಂದರೆ?

ವಿಜ್ಞಾನಿಗಳಿಗೆ ಹಾಗೆ ಬಂದಿದೆ. ಸೂರ್ಯನಿಂದ ದೂರವಾದಷ್ಟೂ ಗ್ರಹಗಳ ಓಟ ನಿಧಾನ. ಗೆಲಾಕ್ಸಿಯ ಅಂಚಿನ ನಕ್ಷತ್ರಗಳೂ ಹಾಗೇ ನಿಧಾನವಾಗಬೇಕಿತ್ತು. 1970ರಲ್ಲಿ ವೆರಾ ರೂಬಿನ್ (ನಾಲ್ಕು ಮಕ್ಕಳ ತಾಯಿ, ಇದನ್ನು ಹೇಳದೆ ಇರಲಾರೆ) ಸಹೋದ್ಯೋಗಿ ಕೆಂಟ್ ಫೋರ್ಡ್ ಜೊತೆ ಆಂಡ್ರೊಮಿಡಾವನ್ನು ಅಳೆದಾಗ ಅಂಚಿನಲ್ಲೂ ವೇಗ ತಗ್ಗಿರಲಿಲ್ಲ. ಕಾಣುವ ವಸ್ತುವಿನ ಸೆಳೆತ ಅದಕ್ಕೆ ಸಾಲದು. ಹಾಗಾದರೆ ಕಾಣದ ದ್ರವ್ಯ ಇನ್ನೂ ಬಹಳಷ್ಟಿದೆ ಎಂದರು ಹೆಚ್ಚಿನವರು. ದ್ರವ್ಯವಲ್ಲ, ಸೆಳೆತ ತೀರ ಕಡಿಮೆಯಿರುವ ಕಡೆ ನ್ಯೂಟನ್ನನ ನಿಯಮವನ್ನೇ ತಿದ್ದಬೇಕು ಎಂದು 1983ರಲ್ಲಿ ಇಸ್ರೇಲಿನ ಮಿಲ್‌ಗ್ರಾಮ್ ಹೇಳಿದರು.

ಚರಿತ್ರೆ ಇಬ್ಬರ ಪರವಾಗಿಯೂ ಸಾಕ್ಷಿ ನುಡಿಯುತ್ತದೆ. ಯುರೇನಸ್ಸಿನ ದಾರಿ ತಪ್ಪಿದಾಗ ಕಾಣದ ಗ್ರಹವೊಂದನ್ನು ಊಹಿಸಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ದಾರಿ ತಪ್ಪಿದಾಗಲೂ ಅದೇ ಉಪಾಯ ಹೂಡಿದರು, ಗ್ರಹಕ್ಕೆ ಹೆಸರನ್ನೂ ಇಟ್ಟರು. ಅಂಥ ಗ್ರಹವೇ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ನಿಯಮವನ್ನೇ ಬದಲಿಸಬೇಕಾಯಿತು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಕಡೆಯ ಕಾಲ್ಗುಣದ ಮಾತು ನೆನಪಾಗುತ್ತದೆ. ಸೊಸೆ ಮನೆ ತುಂಬಿದ ವರ್ಷ ಕೊಬ್ಬರಿ ಬೆಲೆ ಬಿದ್ದರೆ ಅವಳ ಕಾಲ್ಗುಣ. ಮರುವರ್ಷ ಬೆಲೆ ಏರಿದರೆ? ಹಿರಿಯರ ಪುಣ್ಯ. ಕಾಣದ ದ್ರವ್ಯವನ್ನು ನಂಬುವವರಿಗೂ ಕಾಲ್ಗುಣ ನಂಬುವವರಿಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಕೇಳಬೇಕಾದ ಪ್ರಶ್ನೆಯೇ. ಕಾಣದಿರುವುದೊಂದೇ ತಪ್ಪಲ್ಲ; ಗಾಳಿಯೂ ಕಾಣುವುದಿಲ್ಲ. ಆದರೆ ಕಾಣದ ದ್ರವ್ಯವನ್ನು ಹೇಳುವವರು ಅದು ಎಷ್ಟಿದೆ, ಎಲ್ಲಿದೆ ಎಂದೂ ಹೇಳಬೇಕು. ಕಾಣುವ ವಸ್ತುವಿನ ಸುಮಾರು ಐದರಷ್ಟು ಎನ್ನುತ್ತಾರೆ. ಡಿಕ್ಕಿ ಹೊಡೆದ ಎರಡು ಗೆಲಾಕ್ಸಿ ಗೊಂಚಲುಗಳಲ್ಲಿ ಕಾಣುವ ವಸ್ತುವಿನ ಬಹುಪಾಲಾದ ಅನಿಲ ಒಂದು ಕಡೆ, ಸೆಳೆತ ಇನ್ನೊಂದು ಕಡೆ ಇರುವುದನ್ನು 2006ರಲ್ಲಿ ತೋರಿಸಿದರು. ಮಿಲ್‌ಗ್ರಾಮರ ನಿಯಮ ಒಂದೊಂದೇ ಗೆಲಾಕ್ಸಿಗೆ ಸೊಗಸಾಗಿ ಹೊಂದುತ್ತದೆ, ಗೊಂಚಲುಗಳಲ್ಲಿ ಸೋಲುತ್ತದೆ. ಆ ಸೋಲನ್ನು ಅವರ ಕಡೆಯವರೂ ಮುಚ್ಚಿಡುವುದಿಲ್ಲ. ಕಾಲ್ಗುಣಕ್ಕೆ ಸೋಲುವ ದಾರಿಯೇ ಇಲ್ಲ, ಅದರ ಭಾರ ಹೊರುವವಳು ಮಾತ್ರ ಒಬ್ಬಳಿದ್ದಾಳೆ.

1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೂ ಮೊದಲು ಲೆಕ್ಕ ಸರಿದೂಗಿಸಲು ಊಹಿಸಿದ ಕಣವೇ. ಈಗ ಅಮೆರಿಕದ ಹಳೆಯ ಚಿನ್ನದ ಗಣಿಯೊಂದರಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ, ಕಾಣದ ದ್ರವ್ಯದ ಕಣಕ್ಕಾಗಿ ಕಾಯುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಸಿಕ್ಕಿಲ್ಲವೆಂಬುದನ್ನು ಅವರು ಅಂಕಿಗಳ ಸಮೇತ ಅಚ್ಚು ಹಾಕಿಸುತ್ತಾರೆ.